ಆರು ಸ್ಕ್ರೂಗಳ ಮೇಷ್ಟ್ರು

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಕೊಳಲು ಕೆಮ್ಮಿತು.

ಜೋರಾಗೇನೂ ಅಲ್ಲ. ಸ್ಪೀಕರಿನಿಂದ ಬರುತ್ತಿದ್ದ ಸ್ವರ ಮೆತ್ತಗಾಗುತ್ತ ಇನ್ನೇನು ಕರಗಬೇಕು ಅನ್ನುವಷ್ಟರಲ್ಲಿ, ರೇಷ್ಮೆ ಬಟ್ಟೆ ಮೊಳೆಗೆ ಸಿಕ್ಕಿಕೊಂಡ ಹಾಗೆ ಅದರ ಬಾಲಕ್ಕೊಂದು 'ಕರ್ರ್' ಅಂಟಿಕೊಂಡು ಬಂತು. ಮೇಷ್ಟ್ರ ಬಾಯಿಯ ಕಡೆ ಹೊರಟಿದ್ದ ಟೀ ಲೋಟ ಅರ್ಧದಾರಿಯಲ್ಲೇ ನಿಂತಿತು.

ಮೇಷ್ಟ್ರು ಅಂದರೆ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಮೇಷ್ಟ್ರು. ವಿದ್ಯಾರ್ಥಿಯ ಲೆಕ್ಕದಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗ ಆಚೀಚೆಯಾದರೂ ಪುಸ್ತಕವನ್ನು ವಾಪಸು ಎಸೆಯುವ ಮನುಷ್ಯ. ಎಂಟು ತಿಂಗಳಿಂದ ಅವರು ಊಟದ ಮೇಜಿನ ಮೇಲೆ ಆಂಪ್ಲಿಫೈಯರ್ ಕಟ್ಟುತ್ತಿದ್ದರು. ಮುಂದಿನ ಮೂರು ಸ್ಪೀಕರಿಗೆ ಮೂರು, ಹಿಂದಿನ ಎರಡಕ್ಕೆ ಎರಡು, ನೆಲ ನಡುಗಿಸುವ ದಪ್ಪ ಸ್ಪೀಕರಿಗೆ ಒಂದು, ಹೀಗೆ ಆರು ರೆಡಿಮೇಡ್ ಬೋರ್ಡು. ಆ ಎಂಟು ತಿಂಗಳಿಂದ ಮನೆಯವರೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು.

ಪ್ರತಿ ಬೋರ್ಡಿನ ಮೇಲೂ ಹೆಸರುಕಾಳಿನಷ್ಟು ಒಂದು ಸ್ಕ್ರೂ. ಹಾಡು ನಿಂತಿದ್ದಾಗಲೂ ಬೋರ್ಡಿನೊಳಗೆ ಎಷ್ಟು ವಿದ್ಯುತ್ತು ಸುಮ್ಮನೆ ಹರಿಯುತ್ತಿರಬೇಕು ಅನ್ನುವುದನ್ನು ನಿರ್ಧರಿಸುವುದು ಅದೇ. ಬೋರ್ಡಿನ ಜೊತೆ ಒಂದು ಚೀಟಿ ಬಂದಿತ್ತು: 'ಕಾರ್ಖಾನೆಯಲ್ಲೇ ಹೊಂದಿಸಿದೆ. ಸ್ಕ್ರೂವಿನ ಗೀರು ನೆಟ್ಟಗಿರಲಿ, ತಿರುಗಿಸಬೇಡಿ.' ಓದಿ ಮೇಷ್ಟ್ರಿಗೆ ಮೈಯೆಲ್ಲ ಉರಿದಿತ್ತು.

"ಕಾರ್ಖಾನೆಯಲ್ಲಿ ಯಾವನೋ ಆಕಳಿಸ್ತಾ ತಿರುಗಿಸಿದ್ದನ್ನ ನಾನು ನಂಬ್ಕೊಂಡು ಕೂರ್ಬೇಕಾ? ಅಳೆಯೋದು ಅಂತ ಒಂದಿದೆ ಜಗತ್ತಲ್ಲಿ!"

ಚೀಟಿ ಕಸದ ಬುಟ್ಟಿಗೆ ಹೋಯಿತು. ಮೇಷ್ಟ್ರು ತಮ್ಮ ಮೀಟರು ಹಿಡಿದು ಒಂದೊಂದು ಬೋರ್ಡನ್ನೂ ಸರಿಯಾಗಿ ಇಪ್ಪತ್ತು ಮಿಲಿವೋಲ್ಟಿಗೆ ತಂದರು. ಆ ಮೀಟರಿನ ಗಾಜಿನ ಮೂಲೆಗೆ ಕೆಂಪು ಶಾಯಿಯಲ್ಲಿ 'ಮುಟ್ಟಬೇಡಿ' ಎಂದು ಬರೆದ ಕಾಗದ ಅಂಟಿಸಿತ್ತು. ಮನೆಯಲ್ಲೇ ಇರುವ ಮಾವ ಒಂದು ದಿನ ಅದರ ಎರಡು ತಂತಿಗಳನ್ನು ಜಡೆಯ ಹಾಗೆ ನೀಟಾಗಿ ಹೆಣೆದಿಟ್ಟಿದ್ದರು. ಕಾಗದ ಅಂಟಿದ್ದು ಅವತ್ತೇ. ನಲವತ್ತು ವರ್ಷ ಶರ್ಟಿನ ಕಾಲರು ಹೊಲಿದ ಟೈಲರು ಮಾವ. ಸೊಟ್ಟಗಿರುವುದನ್ನು ಕಂಡರೆ ಅವರ ಬೆರಳು ತುರಿಸುತ್ತಿತ್ತು.

"ರೀ, ಅದ್ಯಾಕೆ ಕರಕರ ಅಂತಿದೆ?" ಅಡುಗೆಮನೆಯಿಂದ ಹೆಂಡತಿಯ ದನಿ.

"ಎಲ್ಲಿ? ಏನೂ ಇಲ್ವಲ್ಲ."

"ನನಗೇನು ಕಿವಿ ಇಲ್ವಾ? ಐದು ಗಂಟೆಗೆ ಅಕ್ಕ ಭಾವ ಬರ್ತಾರೆ, ನೆನಪಿದೆ ತಾನೆ? ಭಾವ ಅವರ ಹಳೇ ಮ್ಯೂಸಿಕ್ ಸೆಟ್ಟನ್ನ ನಮಗೆ ಕೊಡೋಕೆ ಕಾರಲ್ಲಿ ಹಾಕ್ಕೊಂಡೇ ಬರ್ತಿದ್ದಾರೆ. ನಿಮ್ಮದು ಸರಿಯಾಗಿ ಹಾಡಿದ್ರೆ ಅದು ಕಾರಲ್ಲೇ ಇರುತ್ತೆ, ಹಿಂದಿನ ಕೋಣೇನ ನಿಮಗೇ ಬಿಟ್ಟುಕೊಡ್ತೀನಿ. ಹಾಡ್ಲಿಲ್ವೋ, ನಾಳೆ ಇದೆಲ್ಲ ಮೂಟೆ ಕಟ್ಟಿ ಗುಜರಿಯವನಿಗೆ!"

ಷಡ್ಡಕನ ಹಳೇ ಸೆಟ್ಟು! ತಾನು ಕೈಯಾರೆ ಬೆಸುಗೆ ಹಾಕಿದ್ದರ ಜಾಗದಲ್ಲಿ, ಆ ಮನುಷ್ಯ ಬೇಡವೆಂದು ಬಿಟ್ಟದ್ದು ಬಂದು ಕೂರುವುದು! ಮೇಷ್ಟ್ರು ಸ್ಕ್ರೂಡ್ರೈವರನ್ನು ಕತ್ತಿಯ ಹಾಗೆ ಎಳೆದುಕೊಂಡರು.

ಮುಚ್ಚಳ ತೆಗೆದು ಅಳೆದರು. ಇಪ್ಪತ್ತು ಇರಬೇಕಾದಲ್ಲಿ ಮೀಟರು ಇಪ್ಪತ್ತಮೂರು ತೋರಿಸುತ್ತಿತ್ತು. "ಓಹೋ, ಏರಿಕೊಂಡಿದ್ದೀಯಾ!" ಎಂದು ಸ್ಕ್ರೂಗಳನ್ನು ಹಿಂದಕ್ಕೆ ತಿರುಗಿಸಿ ಇಪ್ಪತ್ತಕ್ಕೆ ಇಳಿಸಿದರು. ಕೊಳಲು ಹಚ್ಚಿದರು. ಕರ್ರ್ ಇನ್ನೂ ಒಂದು ಕೈ ಹೆಚ್ಚಾಗಿತ್ತು.

ಮೇಲಿನ ಮನೆಯ ಬಸ್ ಡ್ರೈವರು ತಲೆ ಬಾಚುತ್ತಲೇ ಮೆಟ್ಟಿಲಿಳಿದು ಬಂದು ಬಾಗಿಲಿಗೆ ಒರಗಿದ.

"ಮೇಷ್ಟ್ರೇ, ಬೇಜಾರಾಗ್ಬೇಡಿ. ನಮ್ಮ ಗಾಡೀನೂ ನಿಂತಲ್ಲಿ ಹೀಗೇ ಕೆಮ್ಮುತ್ತೆ. ಐಡ್ಲಿಂಗ್ ಕಮ್ಮಿ ಆಗಿದೆ ಅಷ್ಟೆ. ಸ್ವಲ್ಪ ಏರಿಸಿ, ಸರಿಹೋಗುತ್ತೆ."

"ಇದು ಬಸ್ಸಲ್ಲ ಕಣಪ್ಪಾ!"

"ಗೊತ್ತು ಗೊತ್ತು. ಬಸ್ಸಾಗಿದ್ರೆ ಇಷ್ಟೊತ್ತಿಗೆ ಹೊರಡ್ತಿತ್ತು."

ಮೇಷ್ಟ್ರ ಮುಖ ಕಾದ ಬೆಸುಗೆ ಕಡ್ಡಿಯ ತುದಿಯಂತಾಯಿತು. ಏಳನೇ ಕ್ಲಾಸಿಗೇ ಪುಸ್ತಕ ಮುಚ್ಚಿಟ್ಟವನು ಮಿಲಿವೋಲ್ಟಿನ ವಿಷಯದಲ್ಲಿ ಬುದ್ಧಿ ಹೇಳುವುದೇ! ತಂತಿಗಳನ್ನೆಲ್ಲ ಕಿತ್ತು ಹೊಸದಾಗಿ ಬೆಸೆದರು. ಬೆಸೆಯುವಾಗ ಹೆಬ್ಬೆರಳು ಸುಟ್ಟುಕೊಂಡರು, ಅದನ್ನು ತಣ್ಣಗೆ ಮಾಡಲು ಟೀ ಲೋಟಕ್ಕೇ ಅದ್ದಿದರು. ಟ್ರಾನ್ಸ್‌ಫಾರ್ಮರನ್ನು ತಿರುಗಿಸಿ ಕೂರಿಸಿದರು. ಮತ್ತೆ ಅಳೆದರೆ ಇಪ್ಪತ್ತನಾಲ್ಕು. ಇಪ್ಪತ್ತಕ್ಕೆ ಇಳಿಸಿದರು. ಈಗ ಕೊಳಲು ಕೆಮ್ಮುವುದಲ್ಲ, ಗೊರಕೆ ಹೊಡೆಯತೊಡಗಿತು.

ಸದ್ದು ಕೇಳಿ ಎದುರುಮನೆಯ ನರ್ಸಮ್ಮ ಬಂದರು. ರಾತ್ರಿ ಪಾಳಿ ಮುಗಿಸಿ ಮಲಗಿದ್ದವರು. ಕಣ್ಣು ಅರ್ಧ ಮಾತ್ರ ತೆರೆದಿತ್ತು.

"ಏನ್ ಮೇಷ್ಟ್ರೇ, ಯಾರಿಗೆ ಉಬ್ಬಸ?"

ಮೇಷ್ಟ್ರು ತಡೆಯಲಾರದೆ ಕಷ್ಟವನ್ನೆಲ್ಲ ತೋಡಿಕೊಂಡರು: ಅಳೆದಾಗಲೆಲ್ಲ ಏರುತ್ತದೆ, ಇಳಿಸಿದಷ್ಟೂ ಹದಗೆಡುತ್ತದೆ.

ನರ್ಸಮ್ಮ ಆಕಳಿಸಿದರು. "ಜ್ವರ ಹೀಗೆ ಗಂಟೆಗಂಟೆಗೂ ಏರ್ತಾ ಇದ್ರೆ ನಾವು ಮೊದಲು ಇನ್ನೊಂದು ಥರ್ಮಾಮೀಟರ್ ತರಿಸ್ತೀವಪ್ಪ."

"ಅಂದ್ರೆ? ನನ್ನ ಮೀಟರ್ ಮೇಲೇ ಅನುಮಾನವಾ? ಹದಿನೈದು ವರ್ಷದಿಂದ ನನ್ನ ಕೈಲಿದೆ ಇದು. ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ, ನೋಡಿ ಇಲ್ಲಿ, ಬರೆದಿದೆ!"

"ಓದಿದೆ, ಓದಿದೆ," ಎಂದು ನರ್ಸಮ್ಮ ಮಲಗಲು ಹೋದರು.

ಅನುಮಾನಪಡಬೇಕಾದ್ದು ಮೀಟರನ್ನಲ್ಲ, ಈ ಕಟ್ಟಡವನ್ನು! ಮೇಷ್ಟ್ರಿಗೆ ಥಟ್ಟನೆ ಹೊಳೆಯಿತು. ಎಲ್ಲರ ಮನೆಯ ಫ್ರಿಜ್ಜು, ಫ್ಯಾನು, ಮಿಕ್ಸಿಗಳ ಗಲೀಜೆಲ್ಲ ತಂತಿಯೊಳಗೆ ಹರಿದು ತಮ್ಮ ಕೊಳಲಿಗೆ ಸೇರುತ್ತಿದೆ. ಮಧ್ಯಾಹ್ನ ಎರಡು ಗಂಟೆಗೆ, ನೆತ್ತಿ ಸುಡುವ ಬಿಸಿಲಲ್ಲಿ, ಅವರು ಮನೆಮನೆಗೂ ಹೋಗಿ ಕಾಲು ಗಂಟೆ ಎಲ್ಲವನ್ನೂ ಆರಿಸಿರೆಂದು ಅಪ್ಪಣೆ ಕೊಡಿಸಿದರು. ಕಟ್ಟಡದವರೆಲ್ಲ ದಿನಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತ ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಕಟ್ಟಡ ಗಪ್‌ಚಿಪ್ ಆಯಿತು. ಆ ಮೌನದಲ್ಲಿ ಕೊಳಲು ಕೇಳಿಸಿತು. ಮೂರನೇ ಮಹಡಿಯವರಿಗೂ ಸ್ಪಷ್ಟವಾಗಿ ಕೇಳುವ ಹಾಗೆ ಗೊರಕೆ ಹೊಡೆಯಿತು.

"ಇದಕ್ಕಾ ನಮ್ಮ ಐಸ್ ಕರಗಿಸಿದ್ದು?" ಎಂದು ಮೇಲಿಂದ ಯಾರೋ ಕೂಗಿದರು. ಡ್ರೈವರು ಬಾಯಿಯಲ್ಲೇ ಹಾರ್ನ್ ಹೊಡೆದ.

ನಾಲ್ಕೂವರೆಗೆ ಮೇಷ್ಟ್ರು ಕೊನೆಯ ಸಲ ಅಳೆದರು. ಇಪ್ಪತ್ತಾರು. ಹಲ್ಲು ಕಚ್ಚಿ ಆರನ್ನೂ ಇಪ್ಪತ್ತಕ್ಕೆ ಇಳಿಸಿದರು. ಈಗ ಒಂದೊಂದು ಸ್ಕ್ರೂವಿನ ಗೀರೂ ಒಂದೊಂದು ದಿಕ್ಕಿಗೆ ಮುಖ ಮಾಡಿತ್ತು. ಹಚ್ಚಿ ನೋಡುವ ಧೈರ್ಯ ಉಳಿದಿರಲಿಲ್ಲ. ಪ್ಲಗ್ಗು ಕಿತ್ತು, ಮುಚ್ಚಳವನ್ನು ಪಕ್ಕಕ್ಕಿಟ್ಟು, ಮೈಗೆ ಮೆತ್ತಿದ ಮಸಿ ತೊಳೆಯಲು ಬಚ್ಚಲಿಗೆ ಹೋದರು.

ಬರುವಷ್ಟರಲ್ಲಿ ಮುಚ್ಚಳ ತನ್ನ ಜಾಗದಲ್ಲಿತ್ತು, ಷಡ್ಡಕ ಕುರ್ಚಿಯಲ್ಲಿದ್ದ. ಅವನ ಹೆಂಡತಿ ಅಡುಗೆಮನೆಯಲ್ಲಿ ತಂಗಿಯ ಜೊತೆ ಮಾತಿಗೆ ಕೂತಾಗಿತ್ತು. ಡ್ರೈವರು, ನರ್ಸಮ್ಮ ಇಬ್ಬರೂ ತಮಾಷೆ ನೋಡಲು ಮೊದಲೇ ಜಾಗ ಹಿಡಿದಿದ್ದರು.

"ಏನ್ ಮೇಷ್ಟ್ರೇ, ನಮ್ಮ ಹಳೇದನ್ನ ಕಾರಿಂದ ಇಳಿಸ್ಲಾ?" ಷಡ್ಡಕ ಕೀಲಿ ಆಡಿಸಿದ.

"ಮೊದಲು ಕೇಳಿ!" ಮೇಷ್ಟ್ರು ಎದೆ ಗಟ್ಟಿ ಮಾಡಿಕೊಂಡು ಪ್ಲಗ್ಗು ಚುಚ್ಚಿ ಗುಂಡಿ ಒತ್ತಿದರು.

ಕೊಳಲು ಹೊರಟಿತು. ಸ್ವರ ಏರಿತು, ಬಳುಕಿತು, ಮೆತ್ತಗಾಯಿತು. ಮೇಷ್ಟ್ರು ಕಣ್ಣು ಮುಚ್ಚಿದರು. ಸ್ವರ ಇನ್ನೂ ಮೆತ್ತಗಾಗಿ, ಉಸಿರಿನಷ್ಟಾಗಿ, ಎಲ್ಲಿ ಮುಗಿಯಿತೆಂದು ತಿಳಿಯದ ಹಾಗೆ ಕರಗಿಹೋಯಿತು. ಕರ್ರ್ ಇಲ್ಲ. ಏನೂ ಇಲ್ಲ.

"ಅಬ್ಬಾ!" ಎಂದ ಷಡ್ಡಕ. ಕೀಲಿ ಜೇಬಿಗೆ ಹೋಯಿತು. "ನಮ್ಮ ಹೊಸದೂ ಹೀಗೆ ಹಾಡಲ್ಲ ಕಣ್ರೀ!"

ಎಂಟು ತಿಂಗಳ ಅವಮಾನವೆಲ್ಲ ಮೇಷ್ಟ್ರ ಗಂಟಲಿಗೆ ಭಾಷಣವಾಗಿ ಏರಿತು. "ಅಳತೆ! ಇದಕ್ಕೆ ಅಳತೆ ಅಂತಾರೆ! ಬೆಳಿಗ್ಗೆಯಿಂದ ಎಲ್ಲರೂ ನನಗೆ ಬುದ್ಧಿ ಹೇಳಿದ್ದೇ ಹೇಳಿದ್ದು. ಐಡ್ಲಿಂಗಂತೆ, ಥರ್ಮಾಮೀಟರಂತೆ! ಇಲ್ಲಿ ಆರು ಸ್ಕ್ರೂ ಇವೆ. ಒಂದೊಂದೂ ಬೇರೆ ಬೇರೆ ಕೋನದಲ್ಲಿ, ನನ್ನ ಮೀಟರ್ ಹೇಳಿದ ಜಾಗದಲ್ಲಿ ನಿಂತಿದೆ. ಕೂದಲೆಳೆಯಷ್ಟು ಅಲ್ಲಾಡಿದ್ರೂ ಕೆಟ್ಟಿತು. ನೋಡಿ!"

ಮುಚ್ಚಳ ಎತ್ತಿದರು.

ಆರು ಗೀರುಗಳೂ ಕವಾಯತಿಗೆ ನಿಂತ ಪೊಲೀಸರ ಹಾಗೆ ಒಂದೇ ಸಾಲಿನಲ್ಲಿ, ನೆಟ್ಟಗೆ, ಮೇಲ್ಮುಖವಾಗಿ ನಿಂತಿದ್ದವು.

"ಅದಾ? ನಾನೇ ಸರಿಮಾಡಿದೆ ಅಳಿಯಂದ್ರೇ," ಬಾಗಿಲ ಬಳಿಯಿಂದ ಮಾವ ಸಂಕೋಚದಿಂದ ಹೇಳಿದರು. "ಮನೆಗೆ ನೆಂಟರು ಬರೋ ಹೊತ್ತು. ಒಂದು ಆ ಕಡೆ, ಒಂದು ಈ ಕಡೆ, ಗುಂಡಿ ತಪ್ಪಿ ಹಾಕಿದ ಶರ್ಟಿನ ಹಾಗೆ ಕಾಣ್ತಿತ್ತು."

ಮೊದಲು ಡ್ರೈವರು ನಕ್ಕ. ಆಮೇಲೆ ಎಲ್ಲರೂ.

"ಇದು ಅನ್ಯಾಯ!" ಮೇಷ್ಟ್ರು ಕೂಗಿದರು. "ಆಕಸ್ಮಿಕ! ಈಗ ನನ್ನ ಅಳತೆಗೇ ಇಡ್ತೀನಿ, ಇನ್ನೂ ಚೆನ್ನಾಗಿ ಹಾಡದಿದ್ರೆ ಕೇಳಿ!"

ಹೆಂಡತಿ ಬೇಡವೆಂದು ಕೈ ಹಿಡಿದಳು. ಕೊಸರಿಕೊಂಡರು. ಮೀಟರು ಹಿಡಿದು, ಎಲ್ಲರ ಕಣ್ಣೆದುರಿಗೇ, ಆರನ್ನೂ ಇಪ್ಪತ್ತಕ್ಕೆ ತಂದರು. ಕೊಳಲು ಹಚ್ಚಿದರು.

ಗರಗಸ ಎಳೆದಂತಾಯಿತು. ನರ್ಸಮ್ಮ ಕಿವಿ ಮುಚ್ಚಿಕೊಂಡರು.

"ಮಾವ, ನೀವು ಬನ್ನಿ," ಎಂದ ಷಡ್ಡಕ.

ಮಾವ ಪ್ಲಗ್ಗು ಕಿತ್ತು, ಕನ್ನಡಕ ಏರಿಸಿ, ಆರು ಗೀರುಗಳನ್ನೂ ನೆಟ್ಟಗೆ ಮಾಡಿದರು. ಕಣ್ಣು ಕಿರಿದು ಮಾಡಿ ಒಮ್ಮೆ ಸಾಲು ನೋಡಿದರು. ಹಾಗೇ ನೋಟ ಪಕ್ಕದ ಮೀಟರಿನ ಮೇಲೆ ಬಿತ್ತು.

"ಇದನ್ನೂ ಸೊಟ್ಟಗೇ ಅಂಟಿಸಿದ್ದೀರಲ್ಲ," ಎನ್ನುತ್ತ 'ಮುಟ್ಟಬೇಡಿ' ಕಾಗದವನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದರು.

ಕಾಗದದ ಅಡಿಯಲ್ಲಿ, ಗಾಜಿನ ಮೂಲೆಯಲ್ಲಿ, ಬ್ಯಾಟರಿಯ ಪುಟ್ಟ ಚಿತ್ರವೊಂದು ಮಿಣಮಿಣ ಮಿನುಗುತ್ತಿತ್ತು.

"ಬ್ಯಾಟರಿ ಖಾಲಿ," ಎಂದರು ನರ್ಸಮ್ಮ. "ನಮ್ಮ ಬಿ.ಪಿ. ಮಿಷನ್ನೂ ಹೀಗೇ ಮಿನುಗುತ್ತೆ. ಆಗ ಅದು ಹೇಳಿದ್ದನ್ನ ನಾವು ನಂಬಲ್ಲ."

ಮೇಷ್ಟ್ರಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಬ್ಯಾಟರಿ ಇಳಿದಷ್ಟೂ ಮೀಟರು ಏರಿಸಿ ತೋರಿಸಿದೆ. ಅದು ಏರಿಸಿದಷ್ಟೂ ತಾವು ಇಳಿಸಿದ್ದಾರೆ. ನಿಜವಾದ ಇಪ್ಪತ್ತು ಇದ್ದದ್ದು ಕಾರ್ಖಾನೆಯವನು ಆಕಳಿಸುತ್ತ ಬಿಟ್ಟ ಜಾಗದಲ್ಲೇ.

"ಐಡ್ಲಿಂಗ್ ಕಮ್ಮಿ ಅಂತ ಬೆಳಿಗ್ಗೇನೇ ಹೇಳಿದ್ನಲ್ಲ," ಎಂದ ಡ್ರೈವರು.

ಕೊಳಲು ಮತ್ತೆ ಶುದ್ಧವಾಗಿ ಹಾಡಿತು. ಷಡ್ಡಕ ತೊಡೆ ತಟ್ಟಿದ. "ಮಾವ, ನಮ್ಮ ಮನೆಗೂ ಇಂಥದೇ ಒಂದು ಮಾಡಿಕೊಡಿ. ಬೆಸುಗೆ ಗಿಸುಗೆ ಮೇಷ್ಟ್ರು ಹಾಕ್ತಾರೆ, ಸ್ಕ್ರೂ ಮಾತ್ರ ನೀವೇ ಇಡಬೇಕು."

"ಅಪ್ಪಾ, ಹಿಂದಿನ ಕೋಣೆ ಖಾಲಿ ಮಾಡಿಕೊಡ್ತೀನಿ," ಎಂದಳು ಹೆಂಡತಿ. "ನಿನ್ನ ಕನ್ನಡಕಕ್ಕೆ ಅಲ್ಲಿ ಬೆಳಕು ಚೆನ್ನಾಗಿದೆ."

"ಕೋಣೆ ನನಗೆ ಅಂತ ನೀನೇ ಅಂದಿದ್ದೆ!" ಎಂದರು ಮೇಷ್ಟ್ರು.

"ನೀವೂ ಹೋಗಿ. ಅಪ್ಪನಿಗೆ ಕೈಗೊಬ್ಬರು ಬೇಕಲ್ಲ."

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು, ಕೊಳಲೇ ಕೇಳಿಸದಾಯಿತು. ಕಡೇಪಕ್ಷ ಸದ್ದಾದರೂ ಸ್ವಲ್ಪ ಏರಿಸೋಣವೆಂದು ಮೇಷ್ಟ್ರು ತಾವೇ ಕಟ್ಟಿದ ಪೆಟ್ಟಿಗೆಯ ಕಡೆ ಕೈ ಚಾಚಿದರು.

ಮಾವ ಅವರ ಕೈಯನ್ನು ಮೃದುವಾಗಿ ಪಕ್ಕಕ್ಕೆ ಸರಿಸಿ, ಉಗುರಿಗೆ ಅಂಟಿಕೊಂಡಿದ್ದ ಕೆಂಪು ಶಾಯಿಯ ಕಾಗದವನ್ನು ಪೆಟ್ಟಿಗೆಯ ಮುಚ್ಚಳದ ನಟ್ಟನಡುವೆ, ನೂಲು ಹಿಡಿದ ಹಾಗೆ ನೆಟ್ಟಗೆ ಅಂಟಿಸಿದರು.

"ಓದಿ, ಅಳಿಯಂದ್ರೇ," ಎಂದರು.