ಆರತಿಗೆ ಮಿನುಗಿದ ನರಕೋಶಗಳು

ನಮ್ಮ ಮಿದುಳಿನ ಕೋಶಗಳು ಒಂದಕ್ಕೊಂದು ಮಾತಾಡುವುದು ಸಣ್ಣ ಸಣ್ಣ ಕರೆಂಟಿನ ಮೂಲಕ. ಆ ಕರೆಂಟು ಹರಿಯುವುದನ್ನು ಕಣ್ಣಾರೆ ನೋಡುವುದು ನನ್ನ ಉದ್ಯೋಗ. ಸಮುದ್ರದ ಒಂದು ಲೋಳೆಮೀನಿನಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನ್ ಇದೆ. ಅದನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ, ತಟ್ಟೆಯಲ್ಲಿ ಬೆಳೆಸಿದ ಇಲಿಯ ನರಕೋಶಗಳೊಳಗೆ ಸೇರಿಸಿದರೆ, ಕರೆಂಟು ಹರಿದಾಗಲೆಲ್ಲ ಕೋಶ ಮಿನುಗಬೇಕು. ಬೇಕು ಎಂದೆ. ಮಿನುಗುತ್ತಿರಲಿಲ್ಲ.

ನನ್ನ ಮನೆ ಠಾಣೆಯ ಘೋಡಬಂದರ್ ರಸ್ತೆಯಲ್ಲಿ, ಲ್ಯಾಬು ನವಿ ಮುಂಬಯಿಯಲ್ಲಿ. ಲ್ಯಾಬಿನ ಮುಖ್ಯಸ್ಥೆ ಧಾರವಾಡದ ಕುಲಕರ್ಣಿ ಮೇಡಂ. ಅವರು ಗಣಪತಿ ಹಬ್ಬಕ್ಕೆ ಊರಿಗೆ ಹೊರಡುವ ಮುನ್ನ ನನ್ನನ್ನು ಕರೆದರು.

"ನಾ ಬರೂದ್ರಾಗ ನಿಮ್ಮ ಪ್ರೋಟೀನ್ ಮಿಂಚಿದ್ರ ಚಲೋ ಆತು. ಇಲ್ಲಂದ್ರ ಈ ಪ್ರಾಜೆಕ್ಟ್ ಬಂದ್ ಮಾಡೂಣ್ರಿ. ಪರ್ಚೇಸ್ ಸೆಕ್ಷನ್ನಾಗ ಒಂದು ಜಾಗಾ ಖಾಲಿ ಐತಿ."

ಮೈಸೂರಿನಿಂದ ಇಷ್ಟು ದೂರ ಬಂದು, ಇಷ್ಟು ಓದಿ, ಗಾಜಿನ ಬಾಟಲಿಗಳಿಗೆ ಕೊಟೇಶನ್ ತರಿಸುವುದೇ? ನನಗೆ ಊಟ ಸೇರಲಿಲ್ಲ. ಆದರೂ ಧೈರ್ಯಗೆಡಲಿಲ್ಲ. ಮೊದಲು ವಿಘ್ನೇಶ್ವರನ ಕೆಲಸ, ಆಮೇಲೆ ನಮ್ಮದು ಎಂದುಕೊಂಡು ಲ್ಯಾಬಿನ ಗಣಪತಿಯ ಮಂಟಪಕ್ಕೆ ಟೊಂಕಕಟ್ಟಿ ನಿಂತೆ.

ನನ್ನ ಕಲಾಭಿರುಚಿಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿದೆ. ಬಣ್ಣದ ಸೀರಿಯಲ್ ಲೈಟು ಎದ್ದು ಕಾಣಬೇಕಾದರೆ ಹಿಂದೆ ಕಪ್ಪು ಬಟ್ಟೆ ಇರಬೇಕು. ಪಕ್ಕದಲ್ಲೇ ನನ್ನ ಮೈಕ್ರೋಸ್ಕೋಪಿನ ಕತ್ತಲ ಕೋಣೆ. ಅದರ ಗಾಜಿನ ಬಾಗಿಲಿಗೆ ದಪ್ಪನೆಯ ಕಪ್ಪು ಪರದೆ ಸುಮ್ಮನೆ ನೇತಾಡುತ್ತಿತ್ತು. ಬಿಚ್ಚಿದೆ. ಗಣಪತಿಯ ಹಿಂದೆ ಕಟ್ಟಿದೆ. ಎಲ್ಲರೂ ಶಹಭಾಸ್ ಎಂದರು. ಲೈಟನ್ನು ಆರತಿಯ ಹೊತ್ತಿಗೆ ಮಾತ್ರ ಹಾಕುವುದೆಂದು ತೀರ್ಮಾನವಾಯಿತು.

ಆ ಸಂಜೆ ನಾನು ಕೋಣೆಯೊಳಗೆ ಕೋಶಗಳನ್ನು ನೋಡುತ್ತ ಕೂತಿದ್ದೆ. ಹೊರಗೆ ಮರಾಠಿ ಆರತಿ ಶುರುವಾಯಿತು. ಕಂಪ್ಯೂಟರಿನ ಪರದೆಯ ಮೇಲೆ ಕೋಶಗಳು ಮಿನುಗಿದವು! ಬೇಗ ಬೇಗ, ನಿಧಾನ, ಮತ್ತೆ ಬೇಗ ಬೇಗ. ಆರತಿ ಮುಗಿಯಿತು. ಕೋಶಗಳೂ ಸುಮ್ಮನಾದವು. ಮರುದಿನ ಬೆಳಗಿನ ಆರತಿಗೂ ಹೀಗೇ ಆಯಿತು. ಕೋಶವೇ ಇಲ್ಲದ ಖಾಲಿ ಜಾಗವೂ ಮಿನುಗುತ್ತಿದ್ದುದು ಕಣ್ಣಿಗೆ ಬಿತ್ತು. ಭಕ್ತಿ ಹೆಚ್ಚಾಗಿ ಹೊರಗೆ ಚೆಲ್ಲುತ್ತಿದೆ ಎಂದು ತಿಳಿದೆ.

ಮನೆಗೆ ಬಂದು, ಇಲಿಯ ನರಕೋಶಗಳು ಆರತಿಗೆ ಸ್ಪಂದಿಸುತ್ತವೆ ಎಂಬ ಮಹತ್ವದ ಸಂಗತಿಯನ್ನು ಕುಟುಂಬದ ಮುಂದೆ ಮಂಡಿಸಿದೆ. ಮಗಳು ಮೊಬೈಲಿನಿಂದ ತಲೆಯೆತ್ತದೆ, "ಪಪ್ಪಾ, ಉನ್ಕೆ ಕಾನ್ ಕಿಧರ್ ಹೈ?" ಎಂದಳು. ಅವಕ್ಕೆ ಕಿವಿ ಎಲ್ಲಿದೆ ಎಂಬ ಇಂಥ ಕ್ಷುಲ್ಲಕ ಪ್ರಶ್ನೆಗಳಿಗೆ ವಿಜ್ಞಾನದಲ್ಲಿ ಜಾಗವಿಲ್ಲವೆಂದು ತಿಳಿಹೇಳಿದೆ.

"ಪ್ರೋಟೀನಿಗೆ ನಿನ್ನ ಹೆಸರೇ ಇಟ್ಟಿದ್ದೇನೆ. ಜಯಂತಿ-ಒಂದು" ಎಂದೆ ಹೆಂಡತಿಗೆ.

"ಎರಡು ಯಾರು?" ಎಂದಳು ಜಯಂತಿ.

ಆದರೂ ಅವಳಿಗೆ ಖುಷಿಯಾಗಿರಬೇಕು. ಡೊಂಬಿವಲಿಯಲ್ಲಿ ಹೋಟೆಲ್ ನಡೆಸುವ ಅಪ್ಪನಿಗೆ ಕೂಡಲೇ ಫೋನ್ ಮಾಡಿದಳು. ಉಡುಪಿ ಮೂಲದ ನಮ್ಮ ಮಾವನವರಿಗೆ ಒಂದು ಸುದ್ದಿ ಹೇಳಿದರೆ ಕಲ್ಯಾಣ್ ಸ್ಟೇಷನ್ನಿನವರೆಗೆ ತಲುಪಿತೆಂದೇ ಲೆಕ್ಕ. ಮಾರನೆಯ ದಿನ ಅವರು ತಾಳ, ತಂಬೂರಿ ಸಮೇತ ತಮ್ಮ ಭಜನಾ ಮಂಡಳಿಯನ್ನೇ ಕರೆದುಕೊಂಡು ಲ್ಯಾಬಿಗೆ ಬಂದುಬಿಟ್ಟರು.

"ನಮ್ಮ ಕನ್ನಡ ಭಜನೆಗೂ ಹೊಳೀತದಾ ನೋಡುವ ಮಾರಾಯ್ರೆ" ಎಂದರು.

ಕೋಣೆಯ ಹೊರಗೆ ಕೂತು ಮನಸಾರೆ ಹಾಡಿದರು. ಒಳಗೆ ಒಂದೇ ಒಂದು ಕೋಶ ಅಲುಗಾಡಲಿಲ್ಲ. ದನಿ ಏರಿಸಿದರು. ಊಹೂಂ. ಅಷ್ಟರಲ್ಲಿ ಆರತಿಯ ಹೊತ್ತಾಗಿ ಲ್ಯಾಬಿನವರು ಲೈಟು ಹಾಕಿ ಮರಾಠಿಯಲ್ಲಿ ಶುರುಮಾಡಿದರು. ಕೋಶಗಳು ಝಗಮಗ!

ಮಾವನವರ ಮುಖ ಸಣ್ಣದಾಯಿತು. "ಇದಕ್ಕೆ ಕನ್ನಡ ಬರುದಿಲ್ಲ ಅಂತ ಕಾಣ್ತದೆ."

"ಇಲ್ಲಿ ಹುಟ್ಟಿ ಬೆಳೆದವು ಮಾವ. ಅರ್ಥವಾಗುತ್ತದೆ, ಉತ್ತರ ಕೊಡುವುದಿಲ್ಲ" ಎಂದು ಸಮಾಧಾನ ಮಾಡಿದೆ. ಮಂಡಳಿಯವರೆಲ್ಲ ತಮ್ಮ ತಮ್ಮ ಮಕ್ಕಳನ್ನು ನೆನೆದು ತಲೆಯಾಡಿಸಿದರು.

ವಿಸರ್ಜನೆಯ ದಿನ ಬೆಳಗ್ಗೆ ಮೇಡಂ ಬಂದರು. ಪರ್ಚೇಸ್ ಸೆಕ್ಷನ್ನಿನ ಕುರ್ಚಿ ಇನ್ನು ನನ್ನ ಹತ್ತಿರವೂ ಸುಳಿಯದೆಂಬ ಭರವಸೆಯಲ್ಲಿ ಅವರನ್ನು ಕತ್ತಲ ಕೋಣೆಯಲ್ಲಿ ಕೂರಿಸಿ ಹೊರಗೆ ಆರತಿ ಮಾಡಿಸಿದೆ. ಕೋಶಗಳು ಮಿನುಗಿದವು. ಮೇಡಂ ಕಂಪ್ಯೂಟರನ್ನು ನೋಡಿದರು. ಬಾಗಿಲನ್ನು ನೋಡಿದರು. ನನ್ನನ್ನೂ ಸ್ವಲ್ಪ ಹೊತ್ತು ನೋಡಿದರು.

"ಈ ಬಾಗಲದ ಪಡದೆ ಎಲ್ಲೈತ್ರಿ?"

"ಗಣಪತಿಯ ಹಿಂದೆ, ಮೇಡಂ. ಬಹಳ ಚೆನ್ನಾಗಿ ಒಪ್ಪಿದೆ."

ಅವರು ಎದ್ದುಹೋಗಿ ಸೀರಿಯಲ್ ಲೈಟಿನ ಪ್ಲಗ್ ಕಿತ್ತರು. ಆರತಿ ನಡೆದೇ ಇತ್ತು. ಕೋಶಗಳು ಮಾತ್ರ ನಾಸ್ತಿಕರಾಗಿಬಿಟ್ಟಿದ್ದವು. ಗಾಜಿನೊಳಗಿಂದ ತೂರಿ ಬಂದ ಸೀರಿಯಲ್ ಲೈಟಿನ ಮಿಣುಗುಟ್ಟುವ ಬೆಳಕನ್ನೇ ನಾನು ಇಲಿಯ ಭಕ್ತಿ ಎಂದು ಊರೆಲ್ಲ ಸಾರಿದ್ದೆ!

"ಇವಕ್ಕ ಊಟಾ ಹಾಕಿ ಎಷ್ಟು ದಿನಾತ್ರಿ?"

ಕೋಶಗಳಿಗೆ ಆಗಾಗ ಪೋಷಕ ದ್ರವ ಬದಲಿಸಬೇಕು. ಮೋದಕ ಹಂಚುವ ಗಡಿಬಿಡಿಯಲ್ಲಿ ಅದು ನನಗೆ ಮರೆತೇಹೋಗಿತ್ತು.

"ಸತ್ತು ಹೋಗ್ಯಾವ್ರಿ ಇವು" ಎಂದರು ಮೇಡಂ, ಬಹಳ ಮೆಲ್ಲಗೆ.

ಮನೆಯಲ್ಲಿ ಜಯಂತಿ, "ನನ್ನ ಹೆಸರಿಡ್ಲಿಕ್ಕೆ ನಿಮಗೆ ಜೀವ ಇದ್ದದ್ದು ಒಂದೂ ಸಿಗ್ಲಿಲ್ವಾ?" ಎಂದು ಕೇಳಿ ಬಾಗಿಲು ಹಾಕಿಕೊಂಡಳು. ಮಾವನವರು ಮಾತ್ರ ಫೋನಿನಲ್ಲಿ ಬಹಳ ಹಗುರಾದರು. "ಹಾಗಾದ್ರೆ ಕನ್ನಡ ಬರುದಿಲ್ಲ ಅಂತ ಅಲ್ಲ. ಜೀವ ಇರ್ಲಿಲ್ಲ. ಅಷ್ಟೇ ತಾನೆ?"

ನನ್ನ ಮುಖ ನೋಡಲಾಗದೆ ಮೇಡಂ ಒಂದು ಕೊನೆಯ ಅವಕಾಶ ಕೊಟ್ಟರು. ಪ್ರೋಟೀನನ್ನು ಮತ್ತೆ ತಿದ್ದಿದೆ. ಹೊಸ ಕೋಶಗಳಿಗೆ ಮಗಳಿಗಿಂತ ಮೊದಲು ಊಟ ಹಾಕಿದೆ. ಪರದೆಯನ್ನು ತಂದು ಬಾಗಿಲಿಗೆ ಹೊಲಿದೇಬಿಟ್ಟೆನೆಂದರೂ ಸರಿ. ಪರೀಕ್ಷೆಯ ದಿನ ಮೇಡಂ ಪಕ್ಕದಲ್ಲಿ ಕೂತರು. ಸಣ್ಣ ತಂತಿಯಿಂದ ಕೋಶಕ್ಕೆ ಚೂರು ಕರೆಂಟು ಕೊಟ್ಟೆ. ಮಿನುಗಿತು. ಇನ್ನೊಮ್ಮೆ ಕೊಟ್ಟೆ. ಮಿನುಗಿತು. ಖಾಲಿ ಜಾಗ ಕಪ್ಪಾಗಿಯೇ ಇತ್ತು. ನನ್ನ ಕಣ್ಣು ತುಂಬಿತು.

"ಖರೇನ ಐತೇನ್ರಿ ಇದು?" ಎಂದರು ಮೇಡಂ.

ಇನ್ನು ಎಲ್ಲಿಂದಲೂ ಒಂದು ಹನಿ ಬೆಳಕು ಬರುತ್ತಿಲ್ಲವೆಂದು ತೋರಿಸಿಯೇ ಸಿದ್ಧ ಎಂದು ನಾನು ಹೊರಗೆ ಓಡಿ, ಇಡೀ ಮಹಡಿಯ ಮೇನ್ ಸ್ವಿಚ್ಚನ್ನು ಕೆಳಕ್ಕೆಳೆದೆ. ತಡಕಾಡುತ್ತ ಒಳಗೆ ಬಂದೆ. ಕೋಶಗಳು ಮಾಯ!

"ಮೇಡಂ, ಇದೂ ಸುಳ್ಳೇ" ಎಂದೆ.

ಕತ್ತಲಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

"ಮೈಕ್ರೋಸ್ಕೋಪಿಗೂ ಕರೆಂಟ್ ಬೇಕಲ್ರಿ" ಎಂದರು ಮೇಡಂ.

ನಾನು ರೆಕಾರ್ಡಿಂಗನ್ನು ಇನ್ನೂ ಸೇವ್ ಮಾಡಿರಲಿಲ್ಲ ಎಂಬುದನ್ನು ಆ ಕತ್ತಲಲ್ಲಿ ಹೇಳುವ ಧೈರ್ಯ ಬರಲಿಲ್ಲ. ಅದೃಷ್ಟಕ್ಕೆ ಮೇಡಂ ಕಣ್ಣಾರೆ ನೋಡಿದ್ದರು. ಪ್ರಾಜೆಕ್ಟ್ ಉಳಿಯಿತು, ನಾನೂ ಉಳಿದೆ. ಮಿದುಳಿನೊಳಗಿನ ಕರೆಂಟನ್ನು ನೋಡುವ ಅಧಿಕಾರ ಈಗಲೂ ನನ್ನದೇ. ಗೋಡೆಯ ಮೇಲಿನ ಕರೆಂಟನ್ನು ಮುಟ್ಟಕೂಡದೆಂದು ಮಾತ್ರ ಮೇಡಂ ಅಪ್ಪಣೆ ಮಾಡಿದ್ದಾರೆ. ಸೆಕೆಯಾದರೆ ನಾನು ಕೈಯೆತ್ತುತ್ತೇನೆ. ಯಾರಾದರೂ ಬಂದು ಫ್ಯಾನ್ ಹಾಕಿ ಹೋಗುತ್ತಾರೆ.