‘ಏನ್ರೀ’ ಅಂದರೆ ಓಗೊಡುವ ಡಬ್ಬಿ

ವಿಶ್ವವಿದ್ಯಾಲಯದವರು ಅಂತ ಹೇಳಿಕೊಂಡು ಕಂಡವರ ಮನೆ ಬಾಗಿಲು ತಟ್ಟುವವರಿಗೆ ಫಜೀತಿಗಳು ಆಗುತ್ತಲೇ ಇರುತ್ತವೆ. ಮಾತಾಡುವ ಯಂತ್ರದ ಜೊತೆ ಜನ ಹೇಗೆ ಮಾತಾಡುತ್ತಾರೆ ಅನ್ನುವುದು ನನ್ನ ಪಿಎಚ್‌ಡಿ ವಿಷಯ. ನಮ್ಮ ವಿಭಾಗದವರು ಕನ್ನಡದಲ್ಲೇ ಉತ್ತರ ಕೊಡುವ, ಉಪ್ಪಿನ ಡಬ್ಬಿಯಷ್ಟು ದೊಡ್ಡ ಯಂತ್ರ ಮಾಡಿದ್ದರು. ಅದನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಜೋತಾಡುತ್ತ ಶಿಕಾರಿಪುರ, ಸೊರಬದ ಊರೂರು ಸುತ್ತಿದೆ. ಗೈಡ್ ಮೇಡಂ ಖಡಾಖಂಡಿತವಾಗಿ ಹೇಳಿದ್ದರು: “ಮನೆಯಲ್ಲಿ ಆಡುವಂಥ ಸಹಜ ಮಾತು ಬೇಕು. ಅದು ಸಿಗದಿದ್ದರೆ ನಿನ್ನ ಪ್ರಬಂಧಕ್ಕೆ ನಾನು ಸಹಿ ಹಾಕಲ್ಲ.” ಆಗ ಅಳು ಬರುತ್ತಿತ್ತು. ಈಗ ತರಗತಿಯಲ್ಲಿ ನಿಂತು ಪಾಠ ಮಾಡುವಾಗ, ಆ ದಿನಗಳು ಇನ್ನೊಮ್ಮೆ ಬರಬಾರದೇ ಅನ್ನಿಸುತ್ತದೆ.

ಚೈನು ಎಲ್ಲಿ?

ಶಿಕಾರಿಪುರದ ಹತ್ತಿರ ಮೆಕ್ಕೆಜೋಳ ಬೆಳೆಯುವ ರೈತರೊಬ್ಬರ ಮನೆಗೆ ಹೋಗಿ, “ಯೂನಿವರ್ಸಿಟಿಯಿಂದ ಸರ್ವೆಗೆ ಬಂದಿದ್ದೀನಿ” ಅಂದೆ. ಅವರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, “ಬರ್ರಿ” ಅಂತ ಹೊರಟೇಬಿಟ್ಟರು. ಮಾತಿಗೆ ತಂಪಾದ ಜಾಗ ತೋರಿಸುತ್ತಾರೇನೋ ಅಂತ ಹಿಂದೆಯೇ ನಡೆದೆ. ಹೋಗಿ ನಿಂತಿದ್ದು ಹೊಲದ ಬಾಂದುಕಲ್ಲಿನ ಪಕ್ಕ. ಅಷ್ಟರಲ್ಲಿ ಆಚೆ ಹೊಲದವರೂ ಪಹಣಿ ಹಿಡಿದುಕೊಂಡು ಓಡಿಬಂದರು.

“ಅಳಿಯೋ ಚೈನು ಎಲ್ಲೈತ್ರಿ?” ಅಂತ ನಮ್ಮ ರೈತರು ಕೇಳಿದರು.

“ಇದು ಜಮೀನಿನ ಸರ್ವೆ ಅಲ್ಲ, ಮೊಬೈಲಿನ ಹಾಗೆ ಮಾತಾಡುವ ಯಂತ್ರದ ಸರ್ವೆ” ಅಂತ ಕೈಮುಗಿದೆ.

“ಮೊಬೈಲ್‌ನಾಗೇ ಅಳೀತೀರೇನು? ಭಾರೀ ಆತು ಬಿಡ್ರಿ! ನನ್ನ ಕಡಿಂದ ಸುರು ಮಾಡ್ರಿ. ಅವರ ಕಡೀಗೆ ನೆಟ್‌ವರ್ಕ್ ಸಿಗಂಗಿಲ್ಲ.”

ಮಾನ್ಯ ಯಂತ್ರವೇ

ಆನವಟ್ಟಿಯ ಬಟ್ಟೆ ಅಂಗಡಿಯ ಯಜಮಾನರು ಗಿರಾಕಿಗಳ ಜೊತೆ ಹರಟುವುದರಲ್ಲಿ ಎತ್ತಿದ ಕೈ. ಸಹಜ ಮಾತು ಇಲ್ಲಿ ಸಿಕ್ಕೇ ಸಿಗುತ್ತದೆ ಅಂತ ಡಬ್ಬಿಯನ್ನು ಗಲ್ಲಾಪೆಟ್ಟಿಗೆ ಮೇಲಿಟ್ಟೆ. ರೆಕಾರ್ಡಿಂಗ್ ಅಂದದ್ದೇ ತಡ, ಅವರು ಒಳಗೆ ಹೋಗಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಗಂಟಲು ಸರಿಮಾಡಿಕೊಂಡು ಎದ್ದು ನಿಂತರು.

“ಮಾನ್ಯ ಯಂತ್ರವೇ, ಇಂದಿನ ಹವಾಮಾನದ ಕುರಿತು ತಾವು ಬೆಳಕು ಚೆಲ್ಲಬೇಕಾಗಿ ಸವಿನಯ ಪ್ರಾರ್ಥನೆ.”

“ಕ್ಷಮಿಸಿ, ಅರ್ಥವಾಗಲಿಲ್ಲ” ಅಂದಿತು ಡಬ್ಬಿ.

ಯಜಮಾನರು ನನ್ನ ಕಡೆ ಬಗ್ಗಿ, ಅದಕ್ಕೆ ಕೇಳಿಸದ ಹಾಗೆ ಪಿಸುಗುಟ್ಟಿದರು: “ಪಾಪ, ಇಂಗ್ಲಿಷ್ ಮೀಡಿಯಂ ಇರ್ಬೇಕು.”

ಏನ್ರೀ

ನಾನು ಜೊತೆಯಲ್ಲಿಲ್ಲದಾಗ ಡಬ್ಬಿಯನ್ನು ಎಚ್ಚರಿಸಲು ಒಂದು ಕೂಗು ಬೇಕಿತ್ತು. ವಿಭಾಗದವರು ಮೊದಲು ಇಟ್ಟಿದ್ದು ‘ಯಂತ್ರಮಿತ್ರ’. ಯಾರ ನಾಲಿಗೆಯೂ ಹೊರಳಲಿಲ್ಲ. “ನಮ್ಮ ಕಡೆ ಎಲ್ಲರನ್ನೂ ರೀ ಅಂತಲೇ ಕರೆಯೋದು” ಅಂತ ವಾದಿಸಿ ‘ಏನ್ರೀ’ ಅಂತ ಬದಲಾಯಿಸಿದವಳು ನಾನೇ. ಹೆಂಡತಿಯರು ಗಂಡನನ್ನು ಕರೆಯುವುದೂ ಹಾಗೇ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅದನ್ನು ಕುಬಟೂರಿನ ಒಂದು ಮನೆಯ ಗೋಡೆಗೂಡಿನಲ್ಲಿಟ್ಟೆ. ಇದ್ದಿದ್ದು ಗಂಡ ಹೆಂಡತಿ ಇಬ್ಬರೇ; ರೆಕಾರ್ಡಿಂಗಿಗೆ ಇಬ್ಬರೂ ಒಪ್ಪಿದ್ದರು. ಗಂಡ ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಕೂತರೆ ಮೇಲಿನ ಹೆಂಚು ಬಿದ್ದರೂ ಏಳುವವರಲ್ಲ. ಕೆಲವು ದಿನ ಬಿಟ್ಟು ಹೋದರೆ ಆಕೆಯ ಮುಖ ಅರಳಿತ್ತು.

“ಮೇಡಂ, ‘ಏನ್ರೀ’ ಅಂದ್ ತಕ್ಷಣ ಇದು ‘ಹೇಳಿ, ಕೇಳಿಸಿಕೊಳ್ತಿದ್ದೀನಿ’ ಅಂತದೆ. ಮದುವೆ ಆದಾಗಿಂದ ಈ ಮಾತು ಕಿವಿಗೆ ಬಿದ್ದಿರ್ಲಿಲ್ಲ!”

ಗಂಡನ ಮುಖ ಮಾತ್ರ ಹುಳ್ಳಗಾಗಿತ್ತು. ರೆಕಾರ್ಡಿಂಗ್ ಕೇಳಿದ ಮೇಲೆ ಕಾರಣ ತಿಳಿಯಿತು. ಆಕೆ ‘ಏನ್ರೀ’ ಅನ್ನುತ್ತಾರೆ, ಡಬ್ಬಿ ‘ಹೇಳಿ’ ಅನ್ನುತ್ತದೆ, ಹಿಂದೆಯೇ ದಡದಡ ಹೆಜ್ಜೆ ಸದ್ದು. “ಬಂದೆ ಕಣೇ! ಏಯ್, ನೀ ಸುಮ್ನಿರು, ಅವ್ಳು ಕರ್ದಿದ್ದು ನನ್ನ!”

ಗೈಡ್ ಮೇಡಂ ಅದನ್ನು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಇದೇ ಕಣಮ್ಮ ಸಹಜ ಮಾತು” ಅಂತ ಸಹಿ ಹಾಕಿಯೇಬಿಟ್ಟರು. ಪ್ರಬಂಧ ಉಳಿಯಿತಲ್ಲ ಅಂತ ನನಗೂ ಕಣ್ಣು ತುಂಬಿತು.

ಡಬ್ಬಿ ವಿಭಾಗದ್ದು, ವಾಪಸ್ ತರಲು ಮತ್ತೆ ಕುಬಟೂರಿಗೆ ಹೋದೆ. ನಾನು ಅದನ್ನು ಗೂಡಿನಿಂದ ತೆಗೆದು ಚೀಲಕ್ಕೆ ಹಾಕುವಾಗ ಆಕೆ ಸಪ್ಪಗಾದರು. “ಇನ್ನು ಇವ್ರು ಕರೆದ್ರೆ ಬರ್ತಾರೋ ಇಲ್ವೋ” ಅಂತ ಹೇಳಿ, ನೋಡೇಬಿಡೋಣ ಅಂತ ಹಿತ್ತಿಲ ಕಡೆ ತಿರುಗಿ ಕೂಗಿದರು: “ಏನ್ರೀ!”

ಗಂಡ ಒದ್ದೆ ಕೈಯಲ್ಲೇ ಓಡಿಬಂದು ಏದುಸಿರು ಬಿಡುತ್ತ ನಿಂತರು.

“ನೋಡಿ ಮೇಡಂ, ಡಬ್ಬಿ ಇಲ್ದಿದ್ರೂ ಬಂದ್ರು!” ಅಂತ ಆಕೆ ಹಿಗ್ಗಿ ಹೀರೇಕಾಯಿಯಾದರು.

ಗಂಡ ಖಾಲಿ ಗೂಡನ್ನು ನೋಡಿದರು, ನನ್ನ ಚೀಲವನ್ನು ನೋಡಿದರು, ಆಮೇಲೆ ಹೆಂಡತಿಯ ಕಡೆ ತಿರುಗಿದರು.

“ಡಬ್ಬಿ ಹೋಯ್ತಾ? ಮೊದ್ಲೇ ಹೇಳ್ಬಾರ್ದಾ ಮಾರಾಯ್ತಿ! ಸುಮ್ನೆ ಓಡ್ಬಂದ್ನಲ್ಲ!”