ನಮ್ಮ ಹುಡಿಗಿಗೆ ಆರಾಮಿಲ್ರಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಬೆಕ್ಕು ಮೊದಲ ಸಲ ವಾಂತಿ ಮಾಡಿದ್ದು ದೇವರ ಮನೆಯ ಹೊಸ್ತಿಲ ಮೇಲೋ ನನ್ನ ಚಪ್ಪಲಿಯ ಮೇಲೋ ಎಂಬ ಬಗ್ಗೆ ನನಗೂ ನಮ್ಮ ಕಾಕುಗೂ ಇನ್ನೂ ಒಮ್ಮತವಾಗಿಲ್ಲ. ನಾನು ದಿನಚರಿ ಬರೆಯುವವಳು, ನಿಜ. ಆದರೆ ನಾಚಿಕೆಯಾದ ದಿನಗಳಲ್ಲಿ ಅದರಲ್ಲೂ ನನಗೆ ಅನುಕೂಲವಾಗುವಷ್ಟನ್ನೇ ಬರೆದುಕೊಂಡಿರುವ ಗುಮಾನಿ ಇದೆ. ಒಂದು ಮಾತು ಮಾತ್ರ ಖಚಿತ. ಬೆಕ್ಕಿನ ವಾಂತಿಯ ವಿಷಯದಲ್ಲಿ ಇಡೀ ಮೂಡಲಗಿಯಲ್ಲಿ ನಮ್ಮ ಕಾಕುವನ್ನು ಮೀರಿಸುವವರಿಲ್ಲ. ಮಾಡುವುದರಲ್ಲಿ ಅಲ್ಲ, ಅದರ ಬಗ್ಗೆ ಮಾತಾಡುವುದರಲ್ಲಿ!

ಕಾಕು ಎಂದರೆ ನಮ್ಮ ಅಪ್ಪನ ತಮ್ಮನ ಹೆಂಡತಿ. ನನ್ನ ಗಂಡನ ಮನೆ ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ, ನಾನು ಪಾಠ ಮಾಡುವ ಕಾಲೇಜು ಮೂಡಲಗಿಯಲ್ಲಿ. ದಿನವೂ ಓಡಾಡುವ ದಾರಿಯಲ್ಲ. ಹಾಗಾಗಿ ವಾರವಿಡೀ ಕಾಕುವಿನ ಮನೆಯಲ್ಲಿದ್ದು ಶನಿವಾರ ಹತ್ತರಗಿಯ ಬಸ್ಸು ಹಿಡಿಯುತ್ತೇನೆ. ಕಾಕಾ ತೀರಿಹೋಗಿದ್ದಾರೆ. ಮನೆಯಲ್ಲಿ ಕಾಕು, ನಾನು, ಮತ್ತು ಬೆಕ್ಕು. ಮರ್ಯಾದೆಯ ಕ್ರಮದಲ್ಲಿ ಹೇಳಬೇಕೆಂದರೆ ಬೆಕ್ಕು, ಕಾಕು, ನಾನು.

ಈ ಬೆಕ್ಕಿಗೆ ಬೇರೆ ಯಾವ ಕಾಯಿಲೆಯೂ ಇಲ್ಲ. ಮೈಮೇಲಿನ ಕೂದಲು ಮಿರಿಮಿರಿ ಮಿಂಚುತ್ತದೆ. ಹಲ್ಲಿ ಕಂಡರೆ ಗೋಡೆ ಹತ್ತುತ್ತದೆ. ಆದರೆ ತಿಂದು ಸ್ವಲ್ಪ ಹೊತ್ತು ಗಂಭೀರವಾಗಿ ಕೂತು, ಏನೋ ನೆನಪಾದಂತೆ ಎದ್ದು, ಹಿಂದೆ ಹಿಂದೆ ಸರಿದು ತಿಂದದ್ದನ್ನೆಲ್ಲ ಹೊರಗೆ ಹಾಕುತ್ತದೆ. ಆಮೇಲೆ ಇದನ್ನು ಮಾಡಿದ್ದು ನಾವೇ ಎಂಬಂತೆ ನಮ್ಮ ಮುಖ ನೋಡಿ ಮತ್ತೆ ಊಟ ಕೇಳುತ್ತದೆ. ಯಾಕೆ ಹೀಗೆ? ಹಲ್ಲಿ ಕಾರಣ ಎಂದಳು ಕೆಲಸದವಳು. ಕೂದಲು ನುಂಗಿರಬೇಕು ಎಂದೆ ನಾನು. ಬಾಜೂ ಮನೆಯವಳು ಅದು ಹಾಲು ಕುಡಿಯುವುದನ್ನು ನಿಂತು ನೋಡಿದ್ದಳು, ಅವಳ ಕಣ್ಣು ತಾಗಿ ನೆದರಾಗಿದೆ, ಅದೇ ಕಾರಣ ಎಂದರು ಕಾಕು.

ಇಲ್ಲಿ ಕಾಕುವಿನ ಒಂದು ನಿಯಮವನ್ನು ಹೇಳಲೇಬೇಕು. ಆರಾಮಿಲ್ಲದವರ ಹೆಸರನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಕೇಳಬಾರದವರಿಗೆ ಕೇಳಿಸುತ್ತದೆ. ಕಾಕಾ ಆಸ್ಪತ್ರೆಯಲ್ಲಿದ್ದಾಗ ಅಲ್ಲಿಯವರು ಅವರ ಹೆಸರನ್ನು ಹೊತ್ತಿಗೊಮ್ಮೆ ಗಟ್ಟಿಯಾಗಿ ಕೂಗಿ ಕರೆದರಂತೆ, ಅದಕ್ಕೇ ಯಮನಿಗೆ ವಿಳಾಸ ಸಿಕ್ಕಿತಂತೆ. ಆದ್ದರಿಂದ ವಾಂತಿ ಶುರುವಾದ ದಿನದಿಂದ ಬೆಕ್ಕಿನ ಹೆಸರೂ ನಿಷಿದ್ಧ, ಬೆಕ್ಕು ಎಂಬ ಶಬ್ದವೂ ನಿಷಿದ್ಧ. ಅದು ಬರೀ ‘ನಮ್ಮ ಹುಡಿಗಿ’ ಆಯಿತು. ನಮ್ಮ ಹುಡಿಗಿ ಉಂಡಳು, ನಮ್ಮ ಹುಡಿಗಿ ಕಾರಿದಳು, ನಮ್ಮ ಹುಡಿಗಿ ಪಕ್ಕದವರ ಮಾಳಿಗೆ ಮೇಲೆ ಮಲಗಿದಳು!

ಹೆಸರಿಗೆ ಇಷ್ಟು ಹೆದರುವ ಕಾಕು ವರ್ಣನೆಗೆ ಮಾತ್ರ ಹೆದರುವುದಿಲ್ಲ. ಮನೆಗೆ ಊಟಕ್ಕೆ ಬಂದವರಿಗೆ ಸಾರು ಬಡಿಸುತ್ತ, ಇವತ್ತು ನಮ್ಮ ಹುಡಿಗಿಯದು ಥೇಟ್ ಇದೇ ಬಣ್ಣದ್ದಿತ್ತು ಎಂದುಬಿಟ್ಟರು ಒಮ್ಮೆ. ಎಲ್ಲರೂ ಸಾರಿನ ಬಟ್ಟಲು ಸರಿಸಿ ಮೊಸರಿಗೆ ಕೈಚಾಚಿದರು. ಕಾಕು ಮೊಸರು ಹಾಕುತ್ತ, ನಿನ್ನೆಯದು ಹೀಗಿತ್ತು ಎಂದರು.

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆಗ ನನ್ನ ಬದುಕಿನಲ್ಲಿ ಇದಕ್ಕಿಂತ ದೊಡ್ಡ ನಾಚಿಕೆ ಇರಲಾರದು ಎಂದುಕೊಂಡಿದ್ದೆ. ಎಂಥ ಮುಗ್ಧೆ!

ಯಾಕೆಂದರೆ ಆಮೇಲೆ ಡಬ್ಬಿಯ ಪ್ರಸಂಗ ನಡೆಯಿತು. ದನದ ಡಾಕ್ಟರಿಗೆ ತೋರಿಸಬೇಕಾದರೆ ಸ್ಯಾಂಪಲ್ ಬೇಕು ಎಂದು ಕಾಕುಗೆ ಯಾರೋ ಹೇಳಿದ್ದರು. ಅವರು ಅದನ್ನು ಸ್ಟೀಲಿನ ಡಬ್ಬಿಯಲ್ಲಿ ತುಂಬಿ, ತೊಳೆದ ಕೈಯಿಂದ ಮುಚ್ಚಳ ಒರೆಸಿ, ಅಡುಗೆಮನೆಯ ಕಟ್ಟೆಯ ಮೇಲೆ ನನ್ನ ಊಟದ ಡಬ್ಬಿಯ ಪಕ್ಕದಲ್ಲಿಟ್ಟರು. ಎರಡೂ ಒಂದೇ ಜೋಡಿಯವು. ಮುಂದಿನದನ್ನು ನೀವೇ ಊಹಿಸಿರುತ್ತೀರಿ. ಊಹಿಸದ ಭಾಗ ಇಷ್ಟೇ: ಸ್ಟಾಫ್ ರೂಮಿನಲ್ಲಿ ಊಟ ಹಂಚಿಕೊಳ್ಳುವ ರೂಢಿಯಂತೆ ನನ್ನ ಡಬ್ಬಿ ತೆಗೆದ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ಕ್ಷಣ ನೋಡಿ, ಮುಚ್ಚಳ ಹಾಕಿ, ಬಹಳ ಸಭ್ಯವಾಗಿ, “ಮೇಡಮ್, ನಿಮ್ಮ ಅಂಬ್ಲಿ ಸ್ವಲ್ಪ ಹುಳಿ ಬಂದೈತ್ರಿ” ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಈಗಲೂ ಅವರು ನಮ್ಮ ಮನೆಯ ಅಂಬಲಿಯನ್ನು ಕುರಿತು ಅನುಕಂಪದಿಂದ ಮಾತಾಡುತ್ತಾರೆ.

ಮೂಡಲಗಿಯ ಡಾಕ್ಟರಿಂದ ಗುಣ ಕಾಣಲಿಲ್ಲವೆಂದು ಗೋಕಾಕಕ್ಕೆ ಹೊರಟೆವು. ಬೆಕ್ಕು ರೊಟ್ಟಿ ಬುಟ್ಟಿಯಲ್ಲಿ, ಬುಟ್ಟಿಯ ಮೇಲೆ ಕಾಕಾನ ಹಳೆಯ ಧೋತರ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಕು ಕಂಡಕ್ಟರಿಗೆ, “ನಮ್ಮ ಹುಡಿಗಿ ಕಾರತಾಳ್ರಿ, ಕಿಡಕಿ ಬಾಜೂ ಸೀಟ್ ಕೊಡಸ್ರಿ” ಎಂದರು. ಬಸ್ಸಿನವರೆಲ್ಲ ಬುಟ್ಟಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಯಾರೋ ಎದ್ದರು, ಯಾರೋ ಪ್ಲಾಸ್ಟಿಕ್ ಚೀಲ ಕೊಟ್ಟರು. ಕುಲಗೋಡದ ಮುದುಕಿಯೊಬ್ಬಳು ಸೊಂಟದ ಚೀಲದಿಂದ ಲಿಂಬೆಹಣ್ಣು ತೆಗೆದು ನನ್ನ ಮೂಗಿಗೆ ಹಿಡಿದು, ಗೋಕಾಕ ಬರುವವರೆಗೂ ಕೈ ಕೆಳಗಿಳಿಸಲಿಲ್ಲ. ನಾನಲ್ಲ, ಬುಟ್ಟಿಯಲ್ಲಿರುವವಳು ಎಂದು ಹೇಳಬೇಕೆಂದುಕೊಂಡೆ. ಆದರೆ ಕಿಟಕಿ ಪಕ್ಕದ ಸೀಟು ಚೆನ್ನಾಗಿತ್ತು.

ಗೋಕಾಕದ ಡಾಕ್ಟರು ಎಮ್ಮೆಗೆ ಸೂಜಿ ಚುಚ್ಚಿ ಬಂದವರು, ಬೆಕ್ಕಿನ ಹೊಟ್ಟೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು. ಬಾಯಿ ನೋಡಿದರು, ರಕ್ತ ನೋಡಿದರು. ಹಾಲು ನಿಲ್ಲಿಸಿ, ಮಾಂಸ ಕೊಡಿ ಎಂದರು. ದಿನವೂ ಲಿಂಗಪೂಜೆಯಾಗದೆ ಒಲೆ ಹೊತ್ತದ ಮನೆಯ ಹುಡಿಗಿಗೆ ಮಾಂಸ! ಕಾಕು ಡಾಕ್ಟರರನ್ನು ನೋಡಿದ ಬಗೆಗೆ ಅವರು ತಾವೇ ಮಾತು ಹಿಂತೆಗೆದುಕೊಂಡು ಮೊಟ್ಟೆ ಎಂದರು, ಆಮೇಲೆ ಅದನ್ನೂ ಬಿಟ್ಟು ಒಣ ತಿಂಡಿಯ ಪೊಟ್ಟಣ ಬರೆದುಕೊಟ್ಟರು. ಹಾಲು ನಿಂತಿತು, ವಾಂತಿ ನಿಲ್ಲಲಿಲ್ಲ. ಮತ್ತೆ ಹೋದಾಗ ಎಲ್ಲ ಸರಿಯಾಗಿಯೇ ಇದೆ, ಕಾರಣ ಗೊತ್ತಾಗುತ್ತಿಲ್ಲ ಎಂದರು. ಕಾಕುಗೆ ಇದು ಅವಮಾನ. ಇಷ್ಟು ಓದಿದವರು ಗೊತ್ತಿಲ್ಲ ಅಂತ ಅನ್ನಬಹುದೇ ಎಂದು ದಾರಿಯುದ್ದಕ್ಕೂ ನನ್ನನ್ನು ಕೇಳಿದರು, ಓದಿದವಳು ನಾನೂ ಆದ್ದರಿಂದ.

ಇನ್ನು ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ. ಇಬ್ಬರು ಹೇಳಿದ್ದನ್ನು ಜೋಡಿಸಿಕೊಂಡದ್ದು. ಆ ವಾರ ಪರೀಕ್ಷೆಯ ಕೆಲಸವಿದ್ದುದರಿಂದ ನಾನು ಹತ್ತರಗಿಗೆ ಹೋಗಲಿಲ್ಲ. ನನ್ನ ಫೋನು ಬಂದ್ ಆಗಿತ್ತು. ನನ್ನ ಅತ್ತೆ ಕಾಕುಗೆ ಫೋನು ಮಾಡಿದರು. ಅತ್ತೆಯ ಬಗ್ಗೆ ಹೇಳಬೇಕಾದ್ದು ಒಂದೇ: ನನಗೆ ಮದುವೆಯಾಗಿ ಬಹಳ ವರ್ಷಗಳಾಗಿದ್ದವು, ಮಕ್ಕಳಾಗಿರಲಿಲ್ಲ, ಊರಿನಲ್ಲಿ ಎಲ್ಲರೂ ಕೇಳಿದ್ದರು, ಅವರು ಕೇಳಿರಲಿಲ್ಲ.

ಹುಡುಗಿ ಯಾಕೆ ಬರಲಿಲ್ಲ, ಆರಾಮಿದ್ದಾಳೋ ಇಲ್ಲವೋ ಎಂದು ಅವರು ಕೇಳಿದ್ದಾರೆ. ಕಾಕುವಿನ ತಲೆಯಲ್ಲಿ ಇದ್ದದ್ದು ಒಬ್ಬಳೇ ಹುಡುಗಿ.

“ಏನ್ ಹೇಳ್ಲಿರಿ ಬೀಗತೇರ, ನಮ್ಮ ಹುಡಿಗಿಗೆ ಆರಾಮಿಲ್ರಿ. ಮುಂಜಾನೆದ್ದ ಕೂಡ್ಲೆ ವಾಂತಿ. ತಿಂದದ್ದ ಒಂದೂ ದಕ್ಕವಲ್ದು.”

ಅತ್ತೆ ದನಿ ತಗ್ಗಿಸಿ ಎಷ್ಟು ದಿನದಿಂದ ಎಂದರು. ಮೂರು ತಿಂಗಳಾಯಿತು ಎಂದರು ಕಾಕು. ಡಾಕ್ಟರಿಗೆ ತೋರಿಸಿದಿರಾ? ಗೋಕಾಕಕ್ಕೆ ಹೋಗಿದ್ದೆವು, ಹೊಟ್ಟೆ ಮುಟ್ಟಿ ನೋಡಿ ಎಲ್ಲ ಚೆನ್ನಾಗಿದೆ ಎಂದರು. ಅತ್ತೆ ಆಗ ಹೇಳಿದ್ದು, ಯಾರ ಮುಂದೆಯೂ ಈ ಮಾತು ಆಡಬೇಡಿ, ನೆದರಾದೀತು. ಕಾಕುಗೆ ಹಿಡಿಸಲಾರದಷ್ಟು ಸಂತೋಷ. ಮೂರು ತಿಂಗಳಲ್ಲಿ ನೆದರಿನ ಮಾತು ಒಪ್ಪಿದವರು ಇವರೊಬ್ಬರೇ! ಸಂಜೆ ನಾನು ಬಂದಾಗ, ನಿಮ್ಮ ಅತ್ತೆಯಷ್ಟು ತಿಳಿದವರು ನಿಮ್ಮ ಕಾಲೇಜಿನಲ್ಲೂ ಇರಲಿಕ್ಕಿಲ್ಲ ಎಂದರು. ನಾನು ಹೌದೆಂದು ಉತ್ತರ ಪತ್ರಿಕೆಗಳಲ್ಲಿ ಮುಳುಗಿದೆ.

ರವಿವಾರ ಬೆಳಿಗ್ಗೆ ಅತ್ತೆ ಬಂದಿಳಿದರು. ಒಬ್ಬರೇ ಎಲ್ಲಿಗೂ ಹೋಗದವರು ಬಸ್ಸು ಬದಲಿಸಿ ಬಂದಿದ್ದರು. ಚೀಲದಲ್ಲಿ ಹುಣಸೆಯ ಚಿಗಳಿ, ಶೇಂಗಾ ಹೋಳಿಗೆ, ಹಸಿರು ಬಳೆ, ಹಸಿರು ಸೀರೆ. ಮೊದಲು ಬಾಗಿಲು ಹಾಕಿದರು. ರಂಗೋಲಿ ಎಳೆದು ನನ್ನನ್ನು ಮಣೆಯ ಮೇಲೆ ಕೂರಿಸಿ ಸೀರೆಯನ್ನು ಹೆಗಲಿಗೆ ಹೊದಿಸಿದರು. ಇದು ಬೆಕ್ಕಿನ ನೆದರು ತೆಗೆಯುವ ಹತ್ತರಗಿಯ ಪದ್ಧತಿ ಎಂದು ತಿಳಿದ ಕಾಕು ಆರತಿ ತಟ್ಟೆ ಹಿಡಿದು ಬಂದರು. ನಾನು ಏನೋ ಹರಕೆ ಇರಬೇಕೆಂದುಕೊಂಡೆ. ಅತ್ತೆ ಒಂದೊಂದೇ ಬಳೆ ಏರಿಸುತ್ತ ನನ್ನ ಕಿವಿಯಲ್ಲಿ, “ಕಳ್ಳ ಕುಬಸ ಅಂದ್ರ ಹಿಂಗ, ಯವ್ವಾ. ಯಾರಿಗೂ ಗೊತ್ತಾಗಬಾರದು” ಎಂದರು.

ಬಸುರಿಗೆ ಎಲ್ಲರೆದುರು ಕುಬಸ, ಅಂದರೆ ಸೀಮಂತ, ಮಾಡುವ ಮೊದಲು, ಮೂರು ತಿಂಗಳಿಗೆ ಮನೆಯವರಷ್ಟೇ ಸೇರಿ ಸದ್ದಿಲ್ಲದೆ ಮಾಡುವುದಕ್ಕೆ ನಮ್ಮಲ್ಲಿ ಕಳ್ಳ ಕುಬಸ ಎನ್ನುತ್ತಾರೆ.

ಆ ಕ್ಷಣವೇ ನಾನು ಹೇಳಬೇಕಿತ್ತು. ಹೇಳಲಿಲ್ಲ. ಗಾಬರಿಯಿಂದ ಮಾತು ಹೊರಡಲಿಲ್ಲ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಅದು ಅರ್ಧ ಸತ್ಯ. ಅತ್ತೆಯ ಒರಟು ಅಂಗೈ ನನ್ನ ಕೈಯನ್ನು ಬಳೆಗೆ ತಕ್ಕಂತೆ ಮೆತ್ತಗೆ ಹಿಸುಕುತ್ತಿತ್ತು. ಇನ್ನೊಂದು ಬಳೆ ಏರಲಿ, ಆಮೇಲೆ ಹೇಳೋಣ ಎಂದುಕೊಂಡೆ. ಅದು ಏರಿತು. ಇನ್ನೊಂದು ಏರಲಿ ಎಂದುಕೊಂಡೆ.

ನನಗಿಂತ ಪ್ರಾಮಾಣಿಕವಾದ ಜೀವಿ ಒಂದು ಮನೆಯಲ್ಲಿತ್ತು. ಅದು ಒಳಗಿನಿಂದ ಬಂದು, ಮಣೆಯ ಮುಂದೆ ಗಂಭೀರವಾಗಿ ಕೂತು, ಎದ್ದು ಹಿಂದೆ ಸರಿದು, ರಂಗೋಲಿಯ ಮಧ್ಯೆ ತನ್ನ ಕೆಲಸ ಮುಗಿಸಿತು.

“ನೋಡ್ರಿ ಬೀಗತೇರ,” ಎಂದರು ಕಾಕು, “ನಮ್ಮ ಹುಡಿಗಿ ದಿನಾ ಹಿಂಗ ಮಾಡ್ತಾಳ.”

ಅತ್ತೆ ಬೆಕ್ಕನ್ನು ನೋಡಿದರು. ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಕಾಕುಗೆ ಆಗ ತಿಳಿಯಿತು ಎಂದು ಕಾಣುತ್ತದೆ, ತಟ್ಟೆ ಹಿಡಿದಲ್ಲೇ ಕುಕ್ಕರಿಸಿ ಕೂತುಬಿಟ್ಟರು. ಬೆಕ್ಕಿನ ಬಗ್ಗೆ ಒಂದು ಮಾತೂ ಆಡದೆ ಅವರು ಕೂತದ್ದನ್ನು ನಾನು ಮೊದಲ ಸಲ ನೋಡಿದ್ದು.

“ತಪ್ಪ ನಂದ್ರಿ,” ಎಂದರು ಆಮೇಲೆ. “ನನಗ ಆಕಿನೂ ಹುಡಿಗಿ, ಈಕಿನೂ ಹುಡಿಗಿ. ಬಾಯಾಗ ಎರಡೂ ಒಂದ ಆಗ್ಯಾವ್ರಿ.”

ಅತ್ತೆ ಎದ್ದು ಅರಿವೆ ಹುಡುಕಿ ತಂದು ನೆಲ ಒರೆಸಿದರು. ಬೆಕ್ಕಿನ ಬೆನ್ನ ಮೇಲೆ ಕೈಯಾಡಿಸಿ, ಪಾಪ, ಬಹಳ ತ್ರಾಸ ಆಗತೈತೇನು ಎಂದು ಅದನ್ನೇ ಕೇಳಿದರು. ನಾನು ಬಳೆ ತೆಗೆಯಲು ಹೋದಾಗ ಮಣಿಕಟ್ಟು ಹಿಡಿದು, “ಇರ್ಲಿ ಬಿಡು, ಕೈಗೆ ಚಂದ ಕಾಣ್ತಾವ” ಎಂದರು. ಹೋಳಿಗೆಯನ್ನು ಮೂವರೂ ತಿಂದೆವು. ಕಾಕು ಚಿಗಳಿ ಚೀಪುತ್ತ ಬೆಕ್ಕಿಗೆ ಇದನ್ನು ಕೊಟ್ಟರೆ ಹೇಗೆ ಎಂದು ಮೆಲ್ಲನೆ ವಿಚಾರಿಸಿದರು. ಬೇಡ ಎಂದರು ಅತ್ತೆ. ಅಂದಹಾಗೆ ಬೆಕ್ಕು ಇವತ್ತಿಗೂ ವಾಂತಿ ಮಾಡುತ್ತದೆ. ಕಾರಣ ಇವತ್ತಿಗೂ ಗೊತ್ತಿಲ್ಲ.

ಅತ್ತೆ ಹೊರಡುವ ಮುಂಚೆ ಸೀರೆಯನ್ನು ಮಡಚಿ ಅವರ ಚೀಲಕ್ಕೆ ಹಾಕೋಣವೆಂದು ಬಿಡಿಸಿದೆ. ಹೊಸ ಸೀರೆ, ಯಾರೂ ಉಟ್ಟದ್ದಲ್ಲ. ಆದರೆ ಮಡಿಕೆಯ ಗೆರೆಗಳಲ್ಲಿ ಹಸಿರು ಬಿಳಿಚಿಕೊಂಡಿತ್ತು. ಒಂದು ಗೆರೆಯುದ್ದಕ್ಕೂ ನೂಲು ಬಿಟ್ಟಿತ್ತು. ಟ್ರಂಕಿನ ತಳದ ನುಸಿಗುಳಿಗೆಯ ವಾಸನೆ ಅದಕ್ಕೆ ಎಂದೂ ಹೋಗದ ಹಾಗೆ ಹತ್ತಿತ್ತು. ನಾನು ಅದನ್ನು ಚೀಲಕ್ಕೆ ಹಾಕಲಿಲ್ಲ. ಅವರ ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆ. ಗೋಕಾಕದ ಬಸ್ಸು ಬಂತು. ಅವರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಾಗ ಕೇಳಿದೆ. ಅವರು ತಿರುಗಿ ನೋಡಿ, ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಆಮೇಲೆ ಎಷ್ಟೋ ಶನಿವಾರ ಹತ್ತರಗಿಗೆ ಹೋಗಿ ಬಂದಿದ್ದೇನೆ. ಅವರು ಹೇಳಿಲ್ಲ, ನಾನು ಮತ್ತೆ ಕೇಳಿಲ್ಲ.

“ಅತ್ತಿ, ಈ ಸೀರಿ ಯಾವಾಗ ತಂದಿಟ್ಟಿದ್ರಿ?”